ಸಕ್ಕರೆ ಕಾಯಿಲೆಯವರ ಲೆನ್ಸ್ ಡಬ್ಬಿ

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರಿಗೆ ರಾತ್ರಿ ಮಲಗುವ ಮುನ್ನ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುವ ಅಭ್ಯಾಸವಿದೆ. ಇಲ್ಲದವರು ಆ ಕಾರಣಕ್ಕೆ ತಮ್ಮ ವೈದ್ಯರಿಂದ ಒಮ್ಮೆಯಾದರೂ ಬೈಸಿಕೊಂಡಿರುತ್ತಾರೆ. ಏಕೆ ನೋಡಿಕೊಳ್ಳಬೇಕೆಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಕಾಯಿಲೆ ಹಳೆಯದಾದಂತೆ ಕಾಲಿನ ನರಗಳು ಮಂದವಾಗುತ್ತವೆ, ಚಪ್ಪಲಿಯೊಳಗೆ ಸೇರಿದ ಹರಳು ಒತ್ತುತ್ತಿದ್ದರೂ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಗಾಯ ಹುಣ್ಣಾಗಿರುತ್ತದೆ. ನಾನು ಇಂದು ಹೇಳಲು ಬಂದಿರುವ ಮಾತು ಇದರ ಮುಂದುವರಿಕೆಯೇ ಆಗಿದೆ. ಕಣ್ಣಿನ ಕರಿಗುಡ್ಡೆಯ ಮೇಲೂ ಇದೇ ನಡೆಯುತ್ತದೆ. ಆ ಮಂದವಾದ ಜಾಗದ ಮೇಲೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕಾಂಟ್ಯಾಕ್ಟ್ ಲೆನ್ಸ್ ಇಟ್ಟುಕೊಳ್ಳುವವರು, ಅಂಗಾಲಿಗೆ ಕೊಡುವಷ್ಟು ಗಮನವನ್ನಾದರೂ ಆ ಲೆನ್ಸಿಗೆ ಮತ್ತು ಅದು ರಾತ್ರಿ ಮಲಗುವ ಡಬ್ಬಿಗೆ ಕೊಡಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಬಳಿಗೆ ಬಂದ ಒಬ್ಬ ಶಾಲಾ ಶಿಕ್ಷಕರ ಸಂಗತಿಯನ್ನು ಮೊದಲು ಹೇಳುತ್ತೇನೆ. ಅವರಿಗೆ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು, ಹದಿನೈದು ವರ್ಷಗಳಿಂದ ಲೆನ್ಸ್ ಹಾಕುತ್ತಿದ್ದರು, ಒಮ್ಮೆಯೂ ತೊಂದರೆಯಾಗಿರಲಿಲ್ಲ. ಅವರು ಆಸ್ಪತ್ರೆಗೆ ಬಂದದ್ದು ನೋವಿನಿಂದಲ್ಲ. ತರಗತಿಯ ಮಕ್ಕಳು ಎರಡು ದಿನಗಳಿಂದ ‘ಸಾರ್, ನಿಮ್ಮ ಕಣ್ಣು ಕೆಂಪಾಗಿದೆ’ ಎಂದು ಹೇಳುತ್ತಿದ್ದುದರಿಂದ. ದೀಪದಡಿ ನೋಡಿದಾಗ ಕರಿಗುಡ್ಡೆಯ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ಬಿಳಿ ಹುಣ್ಣು ಕಾಣಿಸಿತು. ಬೇರೆಯವರಾಗಿದ್ದರೆ ಅಂಥ ಹುಣ್ಣಿಗೆ ರಾತ್ರಿಯಿಡೀ ನಿದ್ದೆ ಬರುತ್ತಿರಲಿಲ್ಲ, ಬೆಳಕಿನ ಎದುರು ಕಣ್ಣು ಬಿಡಲಾಗುತ್ತಿರಲಿಲ್ಲ. ಇವರು ಮಾತ್ರ ‘ಸ್ವಲ್ಪ ಕಸ ಬಿದ್ದಂತಿದೆ, ಅಷ್ಟೇ’ ಎಂದು ಹೇಳಿ, ಮಧ್ಯಾಹ್ನದ ಪಾಠಕ್ಕೆ ಹಿಂದಿರುಗಬಹುದೇ ಎಂದು ಕೇಳಿದರು. ಹುಣ್ಣು ಮಾಯಲು ಏಳು ವಾರ ಹಿಡಿಯಿತು, ಕಲೆ ಉಳಿಯಿತು, ಆ ಕಣ್ಣಿನಲ್ಲಿ ಅವರು ಈಗ ಕಪ್ಪುಹಲಗೆಯ ದೊಡ್ಡ ಅಕ್ಷರಗಳನ್ನು ಮಾತ್ರ ಓದಬಲ್ಲರು. ಅವರ ಲೆನ್ಸ್ ಡಬ್ಬಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕರಿಗುಡ್ಡೆ ಎಂದು ನಾವು ಕರೆಯುವುದರ ಮೇಲೆ, ಕೈಗಡಿಯಾರದ ಗಾಜಿನಂತೆ, ಪಾರದರ್ಶಕವಾದ ಒಂದು ಪಟಲವಿದೆ. ಅದೇ ಕಾರ್ನಿಯಾ. ಈ ಹೆಸರು ಕರ್ನಾಟಕದ ಮನೆಮನೆಗೆ ತಲುಪಿದ್ದು 2021ರ ಅಕ್ಟೋಬರ್ ಕೊನೆಯಲ್ಲಿ, ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡು ಅವರ ಕಣ್ಣುಗಳನ್ನು ದಾನ ಮಾಡಿದಾಗ. ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೇಗೆಂದು ಆಗ ಎಷ್ಟೋ ಜನ ನನ್ನನ್ನು ಕೇಳಿದರು. ಪ್ರತಿಯೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ಇಬ್ಬಿಬ್ಬರಿಗೆ ಜೋಡಿಸಲಾಗಿತ್ತು. ಹಾಗೆ ಸೀಳಬಹುದಾದ ಆ ಪಟಲದ ಒಟ್ಟು ದಪ್ಪ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ಎಲ್ಲಕ್ಕಿಂತ ಮೇಲಿನ ಜೀವಕೋಶಗಳ ಹೊದಿಕೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು. ರೋಗಾಣುಗಳಿಗೂ ನಿಮ್ಮ ದೃಷ್ಟಿಗೂ ನಡುವೆ ಇರುವ ಗೋಡೆ ಅಷ್ಟೇ ತೆಳುವಾದದ್ದು.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿ ಉಳಿಯುತ್ತಿರಲಿಲ್ಲ. ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಆದರೆ ನರಗಳು ಅಲ್ಲಿ ಎಷ್ಟು ದಟ್ಟವಾಗಿವೆಯೆಂದರೆ, ದೇಹದಲ್ಲಿ ಅಷ್ಟು ಸೂಕ್ಷ್ಮವಾದ ಬೇರೆ ಜಾಗ ಸಿಗುವುದು ಕಷ್ಟ. ಆ ನರಗಳು ಮಾಡುವ ಕೆಲಸ ನೋವನ್ನು ತಿಳಿಸುವುದಷ್ಟೇ ಅಲ್ಲ. ಕಣ್ಣು ಮಿಟುಕಿಸುವುದು, ನೀರು ಸುರಿಸುವುದು, ಗೀರಿದ ಜಾಗವನ್ನು ಹೊಸ ಜೀವಕೋಶಗಳಿಂದ ಮುಚ್ಚಿಸುವುದು, ಇವೆಲ್ಲವೂ ಅವುಗಳ ಉಸ್ತುವಾರಿಯಲ್ಲೇ ನಡೆಯುತ್ತವೆ. ವರ್ಷಗಟ್ಟಲೆ ಸಕ್ಕರೆ ಏರುಪೇರಾದವರಲ್ಲಿ ಈ ನರಗಳು ತೆಳುವಾಗಿ ವಿರಳವಾಗುತ್ತವೆ. ಜೊತೆಗೆ, ಮೇಲಿನ ಹೊದಿಕೆಯನ್ನು ಕೆಳಗಿನ ಪದರಕ್ಕೆ ಅಂಟಿಸಿಡುವ ಬೆಸುಗೆ ಸಡಿಲವಾಗುತ್ತದೆ, ಕಣ್ಣೀರು ಕಡಿಮೆಯಾಗುತ್ತದೆ, ಗೀರು ಮಾಯಲು ಹೆಚ್ಚು ದಿನ ಬೇಕಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರಿದಾಗ ಕಣ್ಣೀರಿನಲ್ಲೂ ಅದರ ಅಂಶ ಏರುತ್ತದೆ. ಅಕ್ಷಿಪಟಲಕ್ಕೆ, ಅಂದರೆ ಕಣ್ಣಿನ ಹಿಂಭಾಗದ ರೆಟಿನಾಕ್ಕೆ, ವಿಸ್ತಾರವಾಗಿ ಲೇಸರ್ ಚಿಕಿತ್ಸೆ ಪಡೆದವರು ನಿಮ್ಮಲ್ಲಿ ಕೆಲವರಿರಬಹುದು. ಲೇಸರಿನ ಬಿಸಿ ಕಣ್ಣಿನ ಒಳಗೋಡೆಯಲ್ಲಿ ಹಾದುಹೋಗುವ ನರಗಳಿಗೂ ತಗಲಬಹುದಾದ್ದರಿಂದ ನಿಮ್ಮ ಕಾರ್ನಿಯಾದ ಸ್ಪರ್ಶಜ್ಞಾನ ಇನ್ನೂ ಕಡಿಮೆಯಾಗಿರುವ ಸಾಧ್ಯತೆಯಿದೆ. ಹತ್ತಿಯ ಎಳೆಯೊಂದನ್ನು ಮುಟ್ಟಿಸಿ ವೈದ್ಯರು ಇದನ್ನು ಅರೆನಿಮಿಷದಲ್ಲಿ ಪರೀಕ್ಷಿಸಬಲ್ಲರು. ಲೆನ್ಸ್ ಹಾಕುವ ಮಧುಮೇಹಿಗಳು ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ, ಏಕೆಂದರೆ ನಾವು ವೈದ್ಯರು ಅವಸರದಲ್ಲಿ ಅದನ್ನು ಬಿಟ್ಟುಬಿಡುವುದುಂಟು.

ಹಾಗಾದರೆ ಮಧುಮೇಹಿಗಳು ಲೆನ್ಸ್ ಹಾಕಲೇಬಾರದೇ? ಹಾಕಬಹುದು. ಸಕ್ಕರೆ ಹತೋಟಿಯಲ್ಲಿದ್ದು, ಕಾರ್ನಿಯಾ ಆರೋಗ್ಯವಾಗಿದ್ದು, ಕಣ್ಣೀರು ಸಾಕಷ್ಟಿದ್ದರೆ ಹಗಲು ಹೊತ್ತಿನಲ್ಲಿ ಮೃದು ಲೆನ್ಸ್ ಧರಿಸಲು ಅಡ್ಡಿಯಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ; ಅವರೆಲ್ಲರಿಗೂ ಕನ್ನಡಕವೇ ಗತಿ ಎನ್ನುವುದು ಉಚಿತವಲ್ಲ. ಕಾರ್ನಿಯಾ ಶಂಕುವಿನಂತೆ ಮುಂದೆ ಚಾಚಿಕೊಂಡವರಿಗೆ ಗಟ್ಟಿ ಲೆನ್ಸ್ ಇಲ್ಲದೆ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಆದರೆ ಲೆನ್ಸಿನ ನಂಬರ್ ತೆಗೆಸಲು ಅವಸರ ಮಾಡಬೇಡಿ. ಸಕ್ಕರೆ ಏರಿದಾಗ ಕಣ್ಣಿನೊಳಗಿನ ಸಹಜ ಮಸೂರ ಉಬ್ಬಿ ದೂರದ್ದು ಮಂಜಾಗಬಹುದು. ಇನ್ಸುಲಿನ್ ಶುರುವಾಗಿ ಸಕ್ಕರೆ ಬೇಗನೆ ಇಳಿದಾಗ ಹತ್ತಿರದ ಅಕ್ಷರಗಳು ಕೈಕೊಡಬಹುದು. ಇಂಥ ಏರಿಳಿತದ ನಡುವೆ ಮಾಡಿಸಿದ ಲೆನ್ಸ್ ಒಂದೂವರೆ ತಿಂಗಳಲ್ಲಿ ಬೇರೆಯವರ ಲೆನ್ಸಿನಂತೆ ಅನ್ನಿಸತೊಡಗುತ್ತದೆ. ಕೆಲವು ವಾರ ಸಕ್ಕರೆ ಒಂದೇ ಮಟ್ಟದಲ್ಲಿ ನಿಂತ ಮೇಲೆ ನಂಬರ್ ತೆಗೆಸುವುದು ದುಡ್ಡಿಗೂ ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಬದಿಗೆ ಹೇಳಿಬಿಡುತ್ತೇನೆ, ಏಕೆಂದರೆ ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಕಣ್ಣೀರಿನಿಂದಲೇ ಸಕ್ಕರೆ ಅಳೆಯುವ ಲೆನ್ಸ್ ಬರುತ್ತದಂತಲ್ಲ, ಬೆರಳು ಚುಚ್ಚುವ ಕಷ್ಟ ತಪ್ಪುತ್ತದಂತಲ್ಲ ಎಂದು. ಗೂಗಲ್ ಸಂಸ್ಥೆ 2014ರಲ್ಲಿ ಅಂಥ ಯೋಜನೆಯನ್ನು ಘೋಷಿಸಿದ್ದು ನಿಜ. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬಬಹುದಾದಷ್ಟು ತಾಳೆಯಾಗದ ಕಾರಣ 2018ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಬೆರಳು ಚುಚ್ಚುವುದು ಸದ್ಯಕ್ಕೆ ತಪ್ಪಿದ್ದಲ್ಲ.

ಬೆರಳು ಚುಚ್ಚುವ ಆ ಅಭ್ಯಾಸವೇ ನಿಮಗೆ ಲೆನ್ಸಿನ ವಿಷಯದಲ್ಲಿ ಅನುಕೂಲವೂ ಆಗಿದೆ. ಗ್ಲುಕೋಮೀಟರ್ ಬಳಸುವ ಮುನ್ನ ಕೈ ತೊಳೆದು ಒರೆಸಿಕೊಳ್ಳಬೇಕು, ಬಾಳೆಹಣ್ಣು ಸುಲಿದ ಬೆರಳನ್ನು ಹಾಗೆಯೇ ಚುಚ್ಚಿದರೆ ಇಲ್ಲದ ಸಕ್ಕರೆ ತೋರಿಸುತ್ತದೆ ಎಂಬುದು ನಿಮಗೆ ಗೊತ್ತು. ಲೆನ್ಸ್ ಮುಟ್ಟುವ ಮುನ್ನವೂ ಅದೇ ಕ್ರಮ, ಇನ್ನಷ್ಟು ನಿಷ್ಠೆಯಿಂದ. ಎಣ್ಣೆ ಅಥವಾ ಕ್ರೀಮಿನ ಅಂಶವಿಲ್ಲದ ಸಾಮಾನ್ಯ ಸಾಬೂನಿನಿಂದ ಬೆರಳ ಸಂದುಗಳನ್ನೂ ಉಗುರಿನ ಅಡಿಯನ್ನೂ ತೊಳೆದು, ನೂಲು ಬಿಡದ ಶುಭ್ರವಾದ ಬಟ್ಟೆಯಿಂದ ಸಂಪೂರ್ಣ ಒಣಗಿಸಬೇಕು. ಹೆಗಲ ಮೇಲಿನ ಟವಲ್, ಸೀರೆಯ ಸೆರಗು, ಎಲ್ಲರೂ ಬಳಸುವ ಅಡುಗೆಮನೆಯ ಬಟ್ಟೆ ಇದಕ್ಕೆ ಸಲ್ಲವು. ಒಣಗಿಸುವುದು ಏಕೆ ಅಷ್ಟು ಮುಖ್ಯ ಎಂದರೆ, ತೊಳೆದ ಕೈಯಲ್ಲಿ ಉಳಿದ ನೀರಿನ ಹನಿಯೂ ಲೆನ್ಸಿಗೆ ಶತ್ರುವೇ. ಇನ್ನೊಂದು ಸೂಕ್ಷ್ಮವಿದೆ: ನೀವು ಚುಚ್ಚಿಕೊಳ್ಳುವ ಬೆರಳಿನಿಂದ ಲೆನ್ಸ್ ಹಾಕಬೇಡಿ. ಎಡಗೈಯ ಉಂಗುರ ಬೆರಳನ್ನೋ ಕಿರುಬೆರಳನ್ನೋ ಗ್ಲುಕೋಮೀಟರಿಗೆ ಬಿಟ್ಟುಕೊಟ್ಟು, ಬಲಗೈಯ ತೋರುಬೆರಳನ್ನು ಲೆನ್ಸಿಗೆ ಮೀಸಲಿಡಿ. ಬೆರಳ ತುದಿಗಳೇ ಜೋಮುಗಟ್ಟಿದವರಿದ್ದರೆ, ಲೆನ್ಸ್ ಎಲ್ಲಿ ಹರಿದಿದೆ, ಉಗುರು ಎಲ್ಲಿ ತಗಲಿತು ಎಂಬುದು ಮುಟ್ಟಿ ತಿಳಿಯುವುದಿಲ್ಲ. ಅವರು ಒಳ್ಳೆಯ ಬೆಳಕಿನಲ್ಲಿ ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳಬೇಕು.

ಈಗ ನೀರಿನ ಮಾತು. ಮೃದು ಲೆನ್ಸನ್ನು ಸಾಧ್ಯವಾಗಿಸಿದವರು ಪ್ರಾಗ್ ನಗರದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ. ಸರ್ಕಾರದ ಬೆಂಬಲ ನಿಂತುಹೋದಾಗ ಅವರು 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಒಂದು ಯಂತ್ರವನ್ನು ಮನೆಯಲ್ಲೇ ಜೋಡಿಸಿ, ಆ ಯಂತ್ರದಲ್ಲಿ ಮೊದಲ ಲೆನ್ಸುಗಳನ್ನು ಎರಕ ಹೊಯ್ದರು. ಅವರು ಬಳಸಿದ ವಸ್ತುವಿನ ಗುಣವೆಂದರೆ ನೀರನ್ನು ಹೀರಿಕೊಂಡು ಮೆತ್ತಗಾಗುವುದು. ಇಂದಿನ ಬಹುಪಾಲು ಮೃದು ಲೆನ್ಸುಗಳ ತೂಕದಲ್ಲಿ ಮೂರನೇ ಒಂದಂಶಕ್ಕೂ ಹೆಚ್ಚು, ಕೆಲವುಗಳಲ್ಲಿ ಅರ್ಧಕ್ಕೂ ಹೆಚ್ಚು, ನೀರೇ ಇರುತ್ತದೆ. ಅಂದರೆ ಅದನ್ನು ಯಾವ ನೀರಿನಲ್ಲಿ ಅದ್ದುತ್ತೀರೋ ಆ ನೀರನ್ನೇ ಕಣ್ಣಿನೊಳಗೆ ಹೊತ್ತೊಯ್ಯುತ್ತದೆ. ನಲ್ಲಿ, ಬೋರ್‌ವೆಲ್, ಸಂಪು, ತಾರಸಿಯ ಟ್ಯಾಂಕ್, ಕೆರೆ, ಈಜುಕೊಳ, ಎಲ್ಲೆಡೆಯೂ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಪರಿಸ್ಥಿತಿ ಅನುಕೂಲವಾಗಿಲ್ಲದಿದ್ದರೆ ಅದು ಎರಡು ಪದರದ ಗಟ್ಟಿ ಕವಚ ಕಟ್ಟಿಕೊಂಡು ಒಳಗೆ ಮಲಗಿಬಿಡುತ್ತದೆ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಅದನ್ನು ಏನೂ ಮಾಡುವುದಿಲ್ಲ. ಕಾರ್ನಿಯಾಕ್ಕೆ ಅದು ತಗುಲಿದರೆ ಚಿಕಿತ್ಸೆ ತಿಂಗಳುಗಟ್ಟಲೆ. ಬೇರೆಯವರಲ್ಲಿ ಈ ಸೋಂಕಿನ ಗುರುತೇ ವಿಪರೀತ ನೋವು. ಮಂದವಾದ ಕಾರ್ನಿಯಾದಲ್ಲಿ ಆ ಗುರುತು ಸಿಗದೆ ಹೋಗಬಹುದು. ಕುದಿಸಿ ಆರಿಸಿದ ನೀರು, ಆರ್‌ಒ ನೀರು, ಸೀಲ್ ಮಾಡಿದ ಬಾಟಲಿಯ ನೀರು ಕುಡಿಯಲು ಯೋಗ್ಯ, ಲೆನ್ಸಿಗೆ ಅಲ್ಲ. ಮನೆಯಲ್ಲೇ ಉಪ್ಪುನೀರು ಮಾಡಿಕೊಂಡರೆ ಸಾಕಲ್ಲವೇ ಎಂದು ಕೇಳುವವರಿಗೆ ಹೇಳುತ್ತೇನೆ: 1980ರ ದಶಕದಲ್ಲಿ ಅಮೆರಿಕದಲ್ಲಿ ಎಷ್ಟೋ ಜನ ಉಪ್ಪಿನ ಮಾತ್ರೆಯನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ ಬಳಸುತ್ತಿದ್ದರು, ಮತ್ತು ಅಕಾಂತಮೀಬಾ ಸೋಂಕು ಅಲ್ಲಿ ಹಬ್ಬಿದ್ದಕ್ಕೆ ಆ ಪದ್ಧತಿಯೇ ಮುಖ್ಯ ಕಾರಣವಾಗಿ ಕಂಡುಬಂದಿತು. ಸ್ನಾನಕ್ಕೆ ಹೋಗುವ ಮುನ್ನ, ಮುಖ ತೊಳೆಯುವ ಮುನ್ನ, ಈಜುವ ಮುನ್ನ ಲೆನ್ಸ್ ತೆಗೆಯಿರಿ. ತೀರ್ಥಕ್ಷೇತ್ರದ ನದಿಯಲ್ಲಿ ಮುಳುಗು ಹಾಕುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಡಬ್ಬಿ. ನಮ್ಮ ಶಿಕ್ಷಕರ ಡಬ್ಬಿಯನ್ನು ನಾನು ತರಿಸಿ ನೋಡಿದೆ. ಅದು ಎಷ್ಟು ಹಳೆಯದೆಂದು ಅವರಿಗೇ ನೆನಪಿರಲಿಲ್ಲ. ಬೆಳಿಗ್ಗೆ ಲೆನ್ಸ್ ತೆಗೆದುಕೊಂಡ ಮೇಲೆ ಒಳಗೆ ಲೆನ್ಸ್ ನೆನೆದಿದ್ದ, ರೋಗಾಣು ಕೊಲ್ಲುವ ದ್ರಾವಣವನ್ನು ಚೆಲ್ಲದೆ ಮುಚ್ಚಳ ಹಾಕಿಡುತ್ತಿದ್ದರು, ರಾತ್ರಿ ಅದಕ್ಕೇ ನಾಲ್ಕು ಹನಿ ಹೊಸ ದ್ರಾವಣ ಸೇರಿಸುತ್ತಿದ್ದರು. ಮಿತವ್ಯಯದ ಮನುಷ್ಯ, ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಮೊಸರು ಹೇಗೆ ಆಗುತ್ತದೆಂದು ಯೋಚಿಸಿ. ನಿನ್ನೆಯ ಮೊಸರನ್ನು ಒಂದು ಚಮಚ ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುತ್ತೇವೆ, ಆ ಒಂದು ಚಮಚದಲ್ಲಿರುವ ಜೀವಾಣುಗಳು ರಾತ್ರಿಯೊಳಗೆ ಇಡೀ ಪಾತ್ರೆಯನ್ನು ತುಂಬುತ್ತವೆ. ಹಳೆಯ ದ್ರಾವಣದ ಮೇಲೆ ಹೊಸದನ್ನು ಸುರಿಯುವುದೆಂದರೆ ಲೆನ್ಸಿಗೆ ಹೆಪ್ಪು ಹಾಕಿದಂತೆಯೇ. ರೋಗಾಣುವನ್ನು ಕೊಲ್ಲುವ ಶಕ್ತಿ ಹಳೆಯ ದ್ರಾವಣದಲ್ಲಿ ಹಿಂದಿನ ರಾತ್ರಿಯೇ ಖರ್ಚಾಗಿರುತ್ತದೆ, ಉಳಿದದ್ದು ಹೊಸ ದ್ರಾವಣವನ್ನೂ ತೆಳುವಾಗಿಸುತ್ತದೆ. ಇದು ನನ್ನ ಊಹೆಯಲ್ಲ. 2005 ಮತ್ತು 2006ರಲ್ಲಿ ಹಲವು ದೇಶಗಳಲ್ಲಿ ಲೆನ್ಸ್ ಧರಿಸುವವರ ಕಣ್ಣಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರ ತಗುಲಿತು. ಅಮೆರಿಕದಲ್ಲಿ ಮಾತ್ರವೇ 164 ಪ್ರಕರಣಗಳು ದೃಢಪಟ್ಟವು. ಹೆಸರಾಂತ ಕಂಪನಿಯೊಂದರ ದ್ರಾವಣವನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಬೇಕಾಯಿತು. ತನಿಖೆ ನಡೆದಾಗ ಆ ದ್ರಾವಣದ ದೋಷದ ಜೊತೆಗೇ ಮತ್ತೊಂದು ಸಂಗತಿಯೂ ಎದ್ದು ಕಂಡಿತು: ಹಳೆಯದರ ಮೇಲೆ ಹೊಸದನ್ನು ಸುರಿದುಕೊಳ್ಳುವವರಲ್ಲಿ ಸೋಂಕು ಹೆಚ್ಚಾಗಿತ್ತು.

ಶಿಕ್ಷಕರ ಡಬ್ಬಿಯೊಳಗೆ ಬೆರಳಾಡಿಸಿದರೆ ಜಾರುತ್ತಿತ್ತು. ಮಳೆಗಾಲದಲ್ಲಿ ಕಲ್ಯಾಣಿಯ ಮೆಟ್ಟಿಲಿನ ಮೇಲೆ ಕಾಲಿಟ್ಟವರಿಗೆ ಆ ಜಾರು ಗೊತ್ತು. ಮೇಲೆ ಎಷ್ಟು ನೀರು ಹರಿದರೂ ಪಾಚಿ ಹೋಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ. ಬ್ಯಾಕ್ಟೀರಿಯಾಗಳೂ ಡಬ್ಬಿಯ ಗೋಡೆಗೆ ಅಂಥದೇ ಅಂಟು ಪದರವನ್ನು ಕಟ್ಟಿ ಅದರೊಳಗೆ ಕುಳಿತುಕೊಳ್ಳುತ್ತವೆ. ಹೊರಗೆ ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ದ್ರಾವಣ ಆ ಪದರದ ಒಳಗೆ ಸರಿಯಾಗಿ ಇಳಿಯುವುದಿಲ್ಲ. ಅಮೀಬಾಗಳಿಗೆ ಆ ಬ್ಯಾಕ್ಟೀರಿಯಾಗಳೇ ಊಟ. ಆದ್ದರಿಂದ ಬೆಳಿಗ್ಗೆ ಲೆನ್ಸ್ ಹಾಕಿಕೊಂಡ ತಕ್ಷಣ ಡಬ್ಬಿಯನ್ನು ಪೂರ್ತಿ ಬರಿದು ಮಾಡಿ, ಹೊಸ ದ್ರಾವಣ ಸ್ವಲ್ಪ ಹಾಕಿ, ತೊಳೆದ ಬೆರಳಿನಿಂದ ಒಳಗೋಡೆಯನ್ನೂ ಮುಚ್ಚಳದ ತಿರುಚನ್ನೂ ಉಜ್ಜಿ, ಮತ್ತೆ ದ್ರಾವಣದಿಂದಲೇ ತೊಳೆದು, ಶುಭ್ರವಾದ ಟಿಶ್ಯೂ ಕಾಗದದಿಂದ ಒರೆಸಿ, ಮುಚ್ಚಳ ಬೇರೆ ಡಬ್ಬಿ ಬೇರೆಯಾಗಿ ಹೊಸ ಟಿಶ್ಯೂ ಮೇಲೆ ಬೋರಲು ಹಾಕಿ ಸಂಜೆಯವರೆಗೆ ಒಣಗಲು ಬಿಡಬೇಕು. ಮೂರು ತಿಂಗಳಿಗೊಮ್ಮೆ ಡಬ್ಬಿ ಬದಲಿಸಬೇಕೆಂಬುದು ಎಲ್ಲರಿಗೂ ಹೇಳುವ ನಿಯಮ. ಮಧುಮೇಹಿಗಳಿಗೆ ನಾನು ತಿಂಗಳಿಗೊಮ್ಮೆ ಎನ್ನುತ್ತೇನೆ; ಮಡಿಕೇರಿ, ಆಗುಂಬೆ, ತೀರ್ಥಹಳ್ಳಿಯ ಕಡೆಯವರಿಗೆ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ವಾರವಾದರೂ ಒಣಗದಿರುವಾಗ ಡಬ್ಬಿ ತಾನಾಗಿ ಒಣಗುತ್ತದೆಂದು ನಂಬಬೇಡಿ, ಒರೆಸುವುದನ್ನು ಒಂದು ದಿನವೂ ಬಿಡಬೇಡಿ ಎಂದು ಸೇರಿಸುತ್ತೇನೆ. ಹೊಸ ಬಾಟಲಿಯ ಜೊತೆ ಸಾಮಾನ್ಯವಾಗಿ ಹೊಸ ಡಬ್ಬಿಯೊಂದು ಬರುತ್ತದೆ. ಅದನ್ನು ‘ಮುಂದೆ ಬೇಕಾದೀತು’ ಎಂದು ಬೀರುವಿನಲ್ಲಿ ಜೋಪಾನ ಮಾಡುವ ಅಭ್ಯಾಸ ನಮ್ಮಲ್ಲಿದೆ. ಆ ಬೀರುವನ್ನು ಇಂದು ಮನೆಗೆ ಹೋಗಿ ತೆರೆಯಿರಿ.

ಡಬ್ಬಿಯನ್ನು ಬಚ್ಚಲುಮನೆಯಲ್ಲಿ, ಅದರಲ್ಲೂ ಶೌಚಾಲಯ ಸೇರಿಕೊಂಡಿರುವ ಬಚ್ಚಲುಮನೆಯಲ್ಲಿ, ಇಡಬೇಡಿ. ಫ್ಲಷ್ ಮಾಡಿದಾಗ ಏಳುವ ಸೂಕ್ಷ್ಮ ಹನಿಗಳು ಎಲ್ಲಿ ಹೋಗಿ ಕೂರುತ್ತವೆಂದು ವಿವರಿಸುವುದು ಬೇಡ. ಮಲಗುವ ಕೋಣೆಯ ಮೇಜು, ಬಿಸಿಲು ಬೀಳದ ಜಾಗ, ಸಾಕು. ಇನ್ಸುಲಿನ್ ಫ್ರಿಜ್ಜಿನಲ್ಲಿ ಇಡುವಂತೆ ಇದನ್ನೂ ಇಡಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ, ಕೋಣೆಯ ಉಷ್ಣತೆಯೇ ಸರಿ. ಆದರೆ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಾಟಲಿ ಬಿಟ್ಟು ಹೋಗುವುದು ಇನ್ಸುಲಿನ್ ಬಿಟ್ಟು ಹೋದಷ್ಟೇ ತಪ್ಪು. ಇನ್ಸುಲಿನ್ ವಯಲ್ ತೆರೆದ ದಿನವನ್ನು ಬರೆದಿಟ್ಟು ಸಾಮಾನ್ಯವಾಗಿ 28 ದಿನಗಳಿಗೆ ಅದನ್ನು ಬಿಸಾಡುವ ಶಿಸ್ತು ನಿಮಗಿದೆ. ಲೆನ್ಸ್ ದ್ರಾವಣದ ಬಾಟಲಿಯ ಮೇಲೂ ತೆರೆದ ದಿನ ಬರೆಯಿರಿ. ಎಷ್ಟು ದಿನಕ್ಕೆ ಬಿಸಾಡಬೇಕೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ, ಅರ್ಧ ಉಳಿದಿದ್ದರೂ ಅದನ್ನು ಪಾಲಿಸಬೇಕು. ಪ್ರಯಾಣಕ್ಕೆಂದು ಚಿಕ್ಕ ಸೀಸೆಗೆ ಬಗ್ಗಿಸಿಕೊಳ್ಳಬೇಡಿ. ಬಾಟಲಿಯ ಮೂತಿ ಬೆರಳಿಗೂ ಡಬ್ಬಿಗೂ ತಾಗದಿರಲಿ.

ದ್ರಾವಣಗಳಲ್ಲಿ ಬಗೆಗಳಿವೆ, ಹೆಸರುಗಳಲ್ಲಿ ಗೊಂದಲವಿದೆ. ಸಲೈನ್ ತೊಳೆಯಲು ಮಾತ್ರ. ಅದು ರೋಗಾಣುಗಳನ್ನು ಕೊಲ್ಲುವುದಿಲ್ಲ, ಅದರಲ್ಲಿ ರಾತ್ರಿ ನೆನೆಹಾಕಿದ ಲೆನ್ಸ್ ಬರೀ ಒದ್ದೆಯಾಗಿರುತ್ತದೆ. ಮಲ್ಟಿಪರ್ಪಸ್ ದ್ರಾವಣ ತೊಳೆಯುವುದಕ್ಕೂ ನೆನೆಹಾಕುವುದಕ್ಕೂ ಆಗುತ್ತದೆ. ಕೆಲವು ಬಾಟಲಿಗಳ ಮೇಲೆ ಉಜ್ಜುವ ಅಗತ್ಯವಿಲ್ಲವೆಂದು ಬರೆದಿದ್ದರೂ ನೀವು ಉಜ್ಜಿಯೇ ತೀರಿ: ಅಂಗೈಯಲ್ಲಿ ಲೆನ್ಸ್ ಇಟ್ಟು, ಎರಡು ಹನಿ ಹಾಕಿ, ಒಂದೊಂದು ಬದಿಯನ್ನೂ ಬೆರಳ ಮೆತ್ತನೆಯ ಭಾಗದಿಂದ ಹತ್ತಿಪ್ಪತ್ತು ಸೆಕೆಂಡು ಉಜ್ಜಿ ತೊಳೆಯಿರಿ. ತಾಮ್ರದ ಚೆಂಬಿಗೆ ಹುಣಸೆಹಣ್ಣು ತಾಗಿಸದೆ ಬರೀ ನೀರು ಹೊಯ್ದರೆ ಹೊಳಪು ಬಂದೀತೇ? ಮೂರನೆಯದು ಹೈಡ್ರೋಜನ್ ಪೆರಾಕ್ಸೈಡ್. ಅಮೀಬಾದ ವಿರುದ್ಧವೂ ಸೇರಿ ರೋಗಾಣುಗಳನ್ನು ಕೊಲ್ಲುವುದರಲ್ಲಿ ಇದು ಬಲಶಾಲಿ, ಸಂರಕ್ಷಕಗಳಿಂದ ಕಣ್ಣು ಉರಿಯುವವರಿಗೂ ಹಿಡಿಸುತ್ತದೆ. ಆದರೆ ಇದು ಕೈತಪ್ಪನ್ನು ಕ್ಷಮಿಸುವುದಿಲ್ಲ. ಇದರ ಡಬ್ಬಿ ಉದ್ದವಾಗಿರುತ್ತದೆ, ತಳದಲ್ಲಿರುವ ಪ್ಲಾಟಿನಂ ಲೇಪದ ಬಿಲ್ಲೆ ಪೆರಾಕ್ಸೈಡನ್ನು ಸುಮಾರು ಆರು ಗಂಟೆಗಳಲ್ಲಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಅದಕ್ಕೂ ಮೊದಲು ಲೆನ್ಸ್ ತೆಗೆದು ಹಾಕಿದರೆ, ಅಥವಾ ಮಾಮೂಲಿ ಚಪ್ಪಟೆ ಡಬ್ಬಿಯಲ್ಲಿ ಇದನ್ನು ಬಳಸಿದರೆ, ಕಣ್ಣು ಸುಡುತ್ತದೆ. ಬಿಲ್ಲೆಯ ಶಕ್ತಿ ಕ್ರಮೇಣ ಸವೆಯುವುದರಿಂದ ಬಾಟಲಿ ಬದಲಿಸಿದಾಗಲೆಲ್ಲ ಅದರ ಡಬ್ಬಿಯನ್ನೂ ಬದಲಿಸಲೇಬೇಕು. ದೃಷ್ಟಿ ಬಹಳ ಮಂದವಾಗಿರುವವರಿಗೆ, ಮನೆಯಲ್ಲಿ ಎರಡು ಬಗೆಯ ಬಾಟಲಿ ಇರುವವರಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ.

ಇಷ್ಟು ಕೇಳಿದ ಮೇಲೆ ‘ಇದೆಲ್ಲ ತಲೆನೋವೇ ಬೇಡ’ ಎನ್ನಿಸಿದವರಿಗೆ ಒಂದು ದಾರಿಯಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಮಧುಮೇಹಿಗಳಿಗೆ ಅದೇ ಮೊದಲ ದಾರಿ. ಬೆಳಿಗ್ಗೆ ತೆರೆದು ರಾತ್ರಿ ಬಿಸಾಡುವ ಒಂದು ದಿನದ ಲೆನ್ಸುಗಳಿಗೆ ಡಬ್ಬಿಯೂ ಬೇಡ, ದ್ರಾವಣವೂ ಬೇಡ. ಖರ್ಚು ಹೆಚ್ಚೆಂಬುದನ್ನು ಒಪ್ಪುತ್ತೇನೆ. ವಾರಕ್ಕೆ ಮೂರು ದಿನ ಮಾತ್ರ ಲೆನ್ಸ್ ಹಾಕಿ ಉಳಿದ ದಿನ ಕನ್ನಡಕ ಧರಿಸುವವರಿಗೆ ಲೆಕ್ಕ ಸರಿಹೋಗುತ್ತದೆ. ಆದರೆ ಒಂದು ದಿನದ ಲೆನ್ಸನ್ನು ತೊಳೆದು ನಾಲ್ಕು ದಿನ ಹಾಕುವ ಜಾಣತನ ಮಾತ್ರ ಬೇಡ.

ಲೆನ್ಸ್ ಹಾಕಿಕೊಂಡು ಮಲಗುವುದರ ಬಗ್ಗೆ ಉದ್ದ ಮಾತಾಡುವುದಿಲ್ಲ: ಮಲಗಬೇಡಿ. ರೆಪ್ಪೆ ಮುಚ್ಚಿದಾಗ ಕಾರ್ನಿಯಾಕ್ಕೆ ಗಾಳಿ ಮೊದಲೇ ಕಡಿಮೆ. ಲೆನ್ಸ್ ಹಾಕಿಕೊಂಡು ಮಲಗುವವರಲ್ಲಿ ಸೋಂಕಿನ ಸಂಭವ ಹಲವು ಪಟ್ಟು ಹೆಚ್ಚು. ಬೆಂಗಳೂರಿನಿಂದ ಬೀದರಿಗೆ ರಾತ್ರಿ ಬಸ್ಸು ಹತ್ತುವವರು ಬಸ್ಸಿನಲ್ಲಿ ಕೈ ತೊಳೆಯಲಾಗದು ಎಂಬುದನ್ನು ನೆನಪಿಟ್ಟು, ಮನೆಯಲ್ಲೇ ಲೆನ್ಸ್ ತೆಗೆದಿಟ್ಟು ಕನ್ನಡಕದಲ್ಲಿ ಹೊರಡಬೇಕು.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಕಾಡಿಗೆಯ ಬಗ್ಗೆ. ಮೊದಲು ಲೆನ್ಸ್, ಆಮೇಲೆ ಕಾಡಿಗೆ, ಅದೂ ರೆಪ್ಪೆಗೂದಲಿನ ಹೊರಗೆ. ಸಂಜೆ ಮೊದಲು ಲೆನ್ಸ್ ತೆಗೆಯುವುದು, ಆಮೇಲೆ ಅಲಂಕಾರ ಒರೆಸುವುದು. ಅಭ್ಯಂಜನದ ದಿನ ಎಣ್ಣೆಯ ಜಿಡ್ಡು ಬೆರಳಿನಿಂದ ಪೂರ್ತಿ ಹೋಗುವವರೆಗೆ ಲೆನ್ಸ್ ಬೇಡ. ಮೆಣಸಿನಕಾಯಿ ಹೆಚ್ಚಿದ ಕೈಯ ಪಾಠ ಒಮ್ಮೆ ಆದವರಿಗೆ ಮತ್ತೆ ಹೇಳಬೇಕಾಗಿಲ್ಲ. ಪನ್ನೀರು, ಜೇನು, ಹರಳೆಣ್ಣೆ ಇಂಥವನ್ನು ಕಣ್ಣಿಗೆ ಹಾಕುವುದನ್ನು ನಾನು ಲೆನ್ಸ್ ಇಲ್ಲದಿದ್ದರೂ ಒಪ್ಪುವುದಿಲ್ಲ. ಮದುವೆ ಮನೆಯ ಅಲಂಕಾರದವರು ತರುವ ಬಣ್ಣದ ಲೆನ್ಸುಗಳ ವಿಷಯ ಬೇರೆಯೇ. ನಿನ್ನೆ ಇನ್ನೊಬ್ಬ ಮದುಮಗಳ ಕಣ್ಣಿನಲ್ಲಿದ್ದ ಜೋಡಿ ಇಂದು ನಿಮ್ಮ ಕಣ್ಣಿಗೆ ಬರಬಹುದು. ಚಿಕ್ಕಂದಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಆರತಕ್ಷತೆಯ ಮರುದಿನವೇ ನನ್ನ ಮುಂದೆ ಕುಳಿತಿದ್ದಳು. ಅವಳ ಅದೃಷ್ಟಕ್ಕೆ ಅದು ಗೀರು ಮಾತ್ರವಾಗಿತ್ತು.

ನಿಮಗೆ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತಿದೆ ಎಂಬುದು ಅದನ್ನು ಮುಂದೂಡಲು ಕಾರಣವಲ್ಲ. ಆ ದಿನ ಕನ್ನಡಕದಲ್ಲೇ ಬನ್ನಿ. ಕೆಲವರಿಗೆ ಕೈಯ ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಹಳದಿ ಬಣ್ಣ ಚುಚ್ಚಿ ಫೋಟೋ ತೆಗೆಯುತ್ತೇವೆ. ಆ ಬಣ್ಣ ಕಣ್ಣೀರಿಗೂ ಬರುತ್ತದೆ, ಅಂದು ಹಾಕಿದ ಮೃದು ಲೆನ್ಸ್ ಹಳದಿಯಾಗಿ ಕೆಟ್ಟುಹೋಗುತ್ತದೆ.

ನೋವು ಹೇಳದ ಕಣ್ಣಿನ ಸಮಾಚಾರ ಯಾರು ಹೇಳಬೇಕು? ಕನ್ನಡಿ ಹೇಳಬೇಕು. ಪ್ರತಿ ದಿನ ಲೆನ್ಸ್ ಹಾಕುವ ಮುನ್ನವೂ ತೆಗೆದ ಮೇಲೂ ಕನ್ನಡಿಯ ಮುಂದೆ ನಿಂತು, ಕಣ್ಣು ಕೆಂಪಾಗಿದೆಯೇ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಇದೆಯೇ, ಪಿಚ್ಚು ಕಟ್ಟಿದೆಯೇ ನೋಡಿ. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರನ್ನು ಓದಿ. ನಿನ್ನೆ ಕಂಡ ಅಂಕಿ ಇಂದು ಕಾಣದಿದ್ದರೆ, ಬೆಳಕು ಚುಚ್ಚಿದರೆ, ಕೆಂಪಿದ್ದರೆ, ನೋವಿಲ್ಲದಿದ್ದರೂ ಲೆನ್ಸ್ ಹಾಕದೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹೊಕ್ಕರೆ ಎರಡೇ ದಿನಗಳಲ್ಲಿ ಕಾರ್ನಿಯಾವನ್ನು ಕರಗಿಸಿ ತೂತು ಮಾಡಬಲ್ಲದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿಗಳನ್ನು ಹಾಕಬೇಡಿ. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಹುಣ್ಣು ಹರಡುತ್ತಿರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ಲೆನ್ಸನ್ನೂ ಡಬ್ಬಿಯನ್ನೂ ಕೋಪದಿಂದ ಕಸಕ್ಕೆ ಎಸೆಯದೆ, ತೊಳೆಯದೆ, ದ್ರಾವಣದ ಬಾಟಲಿಯ ಸಮೇತ ಒಂದು ಚೀಲದಲ್ಲಿ ಹಾಕಿ ತನ್ನಿ. ಹುಣ್ಣಿನಿಂದ ಕೆರೆದು ತೆಗೆದದ್ದರಲ್ಲಿ ಏನೂ ಬೆಳೆಯದೆ ಹೋದಾಗ, ಎಷ್ಟೋ ಸಲ ಡಬ್ಬಿಯಲ್ಲಿ ಬೆಳೆದದ್ದೇ ನಮಗೆ ಯಾವ ಔಷಧಿ ಕೊಡಬೇಕೆಂಬ ಸುಳಿವು ಕೊಟ್ಟಿದೆ. ಶಿಕ್ಷಕರ ವಿಷಯದಲ್ಲೂ ಹಾಗೆಯೇ ಆಯಿತು.

ಕೊನೆಯದಾಗಿ, ಸಕ್ಕರೆ ಇಳಿದು ಪ್ರಜ್ಞೆ ತಪ್ಪುವ ಭಯವಿರುವವರು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡಿರುತ್ತೀರಿ: ನನಗೆ ಮಧುಮೇಹವಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ, ಈ ನಂಬರಿಗೆ ಕರೆ ಮಾಡಿ ಎಂದು. ಅದರ ಕೆಳಗೆ ‘ಎರಡೂ ಕಣ್ಣಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇದೆ, ದಯವಿಟ್ಟು ತೆಗೆಯಿರಿ’ ಎಂಬ ಒಂದು ಸಾಲನ್ನು ಸೇರಿಸಿಕೊಳ್ಳಿ. ತುರ್ತು ಚಿಕಿತ್ಸಾ ಘಟಕದಲ್ಲಿ ಮೂರು ದಿನ ಮಲಗಿದ್ದವರ ಕಣ್ಣಿನಿಂದ, ನಾಲ್ಕನೆಯ ದಿನ ರೆಪ್ಪೆ ಬಿಡಿಸಿ, ಯಾರಿಗೂ ಗೊತ್ತಿಲ್ಲದೆ ಉಳಿದಿದ್ದ ಲೆನ್ಸ್ ತೆಗೆದದ್ದು ನನಗೆ ನೆನಪಿದೆ.